ಹಳೇ ಮೇನ್ ಸ್ವಿಚ್ಚಿನ ಮೈಮೇಲಿನ ಬರಹ

ಕಿಕ್ಕೇರಿಯಿಂದ ಆಚೆಗಿನ ಒಂದು ಹಳ್ಳಿ. ಹಳೇ ತೊಟ್ಟಿಮನೆಯ ಪಡಸಾಲೆಯಲ್ಲಿ, ಜಂತೆಯಿಂದ ಒಂದು ಮೊಳ ಕೆಳಗೆ, ತೇಗದ ಹಲಗೆಗೆ ಬಿಗಿದ ಕಪ್ಪು ಎರಕದ ಪೆಟ್ಟಿಗೆ. ಬಲಮಗ್ಗುಲಿಗೆ ಕಬ್ಬಿಣದ ಹಿಡಿ. ಎಷ್ಟೋ ವರ್ಷದ ಒಲೆಹೊಗೆ, ಅದರ ಮೇಲೆ ಹಬ್ಬಹಬ್ಬಕ್ಕೆ ಗೋಡೆಯ ಜೊತೆಗೇ ಬಳಿದ ಸುಣ್ಣ. ಮನೆಯವರು ಬಚ್ಚಲಿಗೆ ಗೀಸರ್ ಹಾಕಿಸಬೇಕೆಂದಿದ್ದರು. ಈ ಪೆಟ್ಟಿಗೆ ತಡೆಯುತ್ತದೋ ಇಲ್ಲವೋ ನೋಡಿ ಹೇಳಿ ಎಂದು ನನ್ನನ್ನು ಕರೆಸಿದ್ದರು.

ಲೈನ್‌ಮನ್ ಬಂದು ಕಂಬದಲ್ಲಿ ಕರೆಂಟ್ ತೆಗೆದರು. ಟೆಸ್ಟರ್ ಇಟ್ಟು ಎರಡೆರಡು ಸಲ ನೋಡಿದ ಮೇಲೆ ಸೀಮೆಎಣ್ಣೆ ಬಟ್ಟೆಯಿಂದ ಮುಚ್ಚಳ ಒರೆಸಿದೆ. ಸೀಮೆಸುಣ್ಣದ ಕಡ್ಡಿಯನ್ನು ಅಡ್ಡಲಾಗಿ ಹಿಡಿದು ಮೆಲ್ಲಗೆ ಉಜ್ಜಿದೆ. ಕಪ್ಪು ಕಬ್ಬಿಣದ ಮೇಲೆ ಇಂಗ್ಲಿಷಿನ ಉಬ್ಬಕ್ಷರಗಳು ಒಂದೊಂದಾಗಿ ಬೆಳ್ಳಗೆ ಎದ್ದವು: 30 ಆಂಪ್ಸ್, 250 ವೋಲ್ಟ್ಸ್, ಡಿ.ಪಿ., ಕೆಳಗೆ ಸಣ್ಣದಾಗಿ ಮೇಡ್ ಇನ್ ಇಂಗ್ಲೆಂಡ್. ಮನೆಯ ಯಜಮಾನರ ಮುಖ ಅರಳಿತು. "ಮೂವತ್ತು ಅಂತ ಅದರ ಮೇಲೇ ಬರ್ದದಲ್ಲ ಸಾರ್, ಇನ್ನೇನು ಬೇಕು?" ಎಂದರು.

ಮುಚ್ಚಳ ತೆಗೆದೆ. ಒಳಗಿನ ಪಿಂಗಾಣಿಯಲ್ಲಿ ಫ್ಯೂಸ್ ತಂತಿಯ ಜಾಗದಲ್ಲಿ ಯಾವುದೋ ಫ್ಲೆಕ್ಸಿಬಲ್ ವೈರಿನ ಎಳೆಗಳನ್ನು ಹೊಸೆದು ಬಿಗಿದಿದ್ದರು. ಪಕ್ಕದ ಹಲಗೆಯ ಮೇಲೆ ಎರಡು ಕಿಟ್‌ಕ್ಯಾಟ್ ಫ್ಯೂಸ್, ಒಂದೊಂದೂ 15 ಆಂಪಿಯರಿನದು. ಅಲ್ಲಿಂದ ಬಚ್ಚಲ ಕಡೆಗೆ ಹೊರಟಿದ್ದ ತಂತಿ, ನಮ್ಮ ವೈರ್‌ಮನ್‌ಗಳು ಇಂದಿಗೂ ಒನ್ ಎಯ್ಟೀನ್ ಎನ್ನುವ 1/18. ಎಂದರೆ 18ನೇ ಗೇಜಿನ ಒಂದೇ ಎಳೆ, ಸುಮಾರು 1.2 ಚದರ ಮಿಲಿಮೀಟರಿನ ತಾಮ್ರ. ದೀಪಕ್ಕೆಂದು ಎಳೆದದ್ದು. ಅದರ ರಬ್ಬರ್ ಹೊದಿಕೆ ಬೆರಳು ತಾಗಿಸಿದರೆ ಪುಡಿಯಾಗುತ್ತಿತ್ತು. ಮುಚ್ಚಳದ ಮೇಲಿದ್ದ ಮೂವತ್ತು ನಿಜವೇ. ಆ ಮನೆಯ ವೈರಿಂಗು ಮಾತ್ರ ಅದರ ಕಾಲುಭಾಗವನ್ನೂ ನೆಮ್ಮದಿಯಾಗಿ ಹೊರುವ ಸ್ಥಿತಿಯಲ್ಲಿರಲಿಲ್ಲ.

ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದ ಹಳೇ ಮನೆಗಳಲ್ಲಿ ಇಂಥ ಪೆಟ್ಟಿಗೆಗಳು ಇನ್ನೂ ಕೆಲಸ ಮಾಡುತ್ತಿವೆ. ಯಾವ ಕಾಲದವು, ಯಾವ ಮಾನಕಕ್ಕೆ ತಯಾರಾದವು, ಎಷ್ಟು ಹೊರೆ ತಡೆಯುತ್ತವೆ ಎಂಬುದನ್ನು ಅವುಗಳ ಮೈಮೇಲಿನ ಗುರುತುಗಳಿಂದಲೇ ಬಹುಮಟ್ಟಿಗೆ ಓದಬಹುದು. ಓದುವ ಕ್ರಮ ತಪ್ಪಿದರೆ ಆ ಗುರುತುಗಳೇ ಮೋಸಮಾಡುತ್ತವೆ.

ಮೊದಲು ಕಾಲದ ಲೆಕ್ಕ. ಮೈಸೂರು ಸೀಮೆಯ ಕರೆಂಟ್ ಹುಟ್ಟಿದ್ದು ನಮ್ಮ ಮಂಡ್ಯ ಜಿಲ್ಲೆಯಲ್ಲೇ. ಮಳವಳ್ಳಿ ತಾಲೂಕಿನ ಶಿವನಸಮುದ್ರದಿಂದ 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು, 1908ರಲ್ಲಿ ಮೈಸೂರಿಗೆ ಬಂತು. ಸುತ್ತಲಿನ ಹಳ್ಳಿಗಳ ಸರದಿ ಬಂದದ್ದು ಬಹಳ ತಡವಾಗಿ, ಹೆಚ್ಚಾಗಿ 1957ರಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಹುಟ್ಟಿದ ಮೇಲೆ. 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಮಂಡಳಿ ಕೆಇಬಿ ಆಯಿತು. 1999ರಲ್ಲಿ ಕೆಪಿಟಿಸಿಎಲ್, ಈಗ ನಮಗೆ ಸೆಸ್ಕ್. ಊರಿನವರ ಬಾಯಲ್ಲಿ ಇಂದಿಗೂ ಅದು ಕೆಇಬಿಯೇ. ಈ ಹೆಸರುಗಳ ಸರಣಿ ಪೆಟ್ಟಿಗೆಯ ವಯಸ್ಸು ಹೇಳುವ ಸಾಕ್ಷಿಯೂ ಹೌದು. ಮೀಟರ್ ಹಲಗೆಯ ಮೇಲಿನ ಹಳೇ ತಗಡಿನಲ್ಲಿ ಎಂ.ಎಸ್.ಇ.ಬಿ. ಎಂದಿದ್ದರೆ ಆ ಸಂಪರ್ಕ 1957 ಮತ್ತು 1973ರ ನಡುವಿನದು.

ಇನ್ನೊಂದು ಸಾಕ್ಷಿ ತಯಾರಕರ ವಿಳಾಸ. ಆರಂಕಿಯ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಲೇಬಲ್ಲಿನಲ್ಲಿ ದೆಹಲಿ-6, ಬೊಂಬಾಯಿ-1 ಎಂಬಂಥ ಒಂದೆರಡು ಅಂಕಿಯ ವಿಳಾಸವಿದ್ದರೆ ಮಾಲು ಆ ಕಾಲಕ್ಕೆ ಹಿಂದಿನದು ಅಥವಾ ಅದರ ಆಸುಪಾಸಿನದು. ಹಳೇ ರೂಢಿ ಬಿಡದೆ ಕೆಲವರು ಮುಂದೆಯೂ ಹಾಗೆ ಬರೆದಿರಬಹುದು. ಆರಂಕಿ ಇದ್ದರೆ ಮಾತ್ರ ಅನುಮಾನವಿಲ್ಲ, 1972ರ ಈಚಿನದೇ.

ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಆಂಪಿಯರಿನ ಅಂಕಿಯೇ. ಹಳೇ ಸ್ವಿಚ್ಚುಗಳ ಮೇಲೆ 15, 30, 60, 100 ಎಂದಿರುತ್ತದೆ. ಇದು ಇಂಗ್ಲೆಂಡಿನಿಂದ ಬಂದ ಎಣಿಕೆ. ಅಂತರರಾಷ್ಟ್ರೀಯ ಮಾನಕದ ಎಣಿಕೆ ನಮ್ಮಲ್ಲಿ ಒಳಬಂದ ಮೇಲೆ ಅದೇ ಅಳತೆಗಳು 16, 32, 63, 100 ಆದವು. ಹದಿನೈದು ಹದಿನಾರಾದದ್ದು ನೋಡಲು ಸಣ್ಣ ವ್ಯತ್ಯಾಸ. ಆದರೆ ಪೆಟ್ಟಿಗೆ ಯಾವ ತಲೆಮಾರಿನದು ಎಂದು ದೂರದಿಂದಲೇ ಹೇಳಲು ಇದಕ್ಕಿಂತ ಸುಲಭದ ಗುರುತು ನಾನು ಕಂಡಿಲ್ಲ.

ಮಾನಕಗಳ ವಿಷಯಕ್ಕೆ ಬರೋಣ. ವಿಲಾಯತಿ ಪೆಟ್ಟಿಗೆಗಳಲ್ಲಿ ಜಿಇಸಿ, ಇಂಗ್ಲಿಷ್ ಎಲೆಕ್ಟ್ರಿಕ್, ಎಂಇಎಂ ಮುಂತಾದ ಹೆಸರುಗಳ ಜೊತೆ ಬಿ.ಎಸ್. ಎಂಬ ಅಕ್ಷರಗಳೂ ಒಂದು ಸಂಖ್ಯೆಯೂ ಸಿಗುತ್ತವೆ. 861 ಎಂದರೆ ಗಾಳಿಯಲ್ಲಿ ಕಿಡಿ ಮುರಿಯುವ ಸ್ವಿಚ್ಚಿನ ಬ್ರಿಟಿಷ್ ಮಾನಕ. 3036 ಎಂದರೆ ತಂತಿ ಕಟ್ಟುವ ಫ್ಯೂಸಿನದು, 1958ರದು. 88 ಎಂದರೆ ಭಾರೀ ಶಾರ್ಟನ್ನೂ ಕತ್ತರಿಸುವ ಎಚ್‌ಆರ್‌ಸಿ ಫ್ಯೂಸಿನದು. ಯಾವ ಸಂಖ್ಯೆಯೂ ಇಲ್ಲದೆ ಬರೀ ಕಂಪನಿಯ ಹೆಸರಿರುವವೂ ಉಂಟು.

ನಮ್ಮ ದೇಶದ ಮಾನಕ ಸಂಸ್ಥೆ ಐಎಸ್‌ಐ ಹುಟ್ಟಿದ್ದು 1947ರಲ್ಲಿ. ಮಾಲಿನ ಮೇಲೆ ಅದರ ಮುದ್ರೆ ಒತ್ತುವ ಕಾನೂನು 1952ರದು, ಮುದ್ರೆ ಬಳಕೆಗೆ ಬಂದದ್ದು 1955ರ ಹೊತ್ತಿಗೆ. 1987ರಲ್ಲಿ ಸಂಸ್ಥೆ ಬಿಐಎಸ್ ಆಯಿತು, ಮುದ್ರೆ ಮಾತ್ರ ಹಾಗೇ ಉಳಿಯಿತು. ಮನೆಯ ಹಳೇ ಪೆಟ್ಟಿಗೆಗಳಲ್ಲಿ ಕಾಣುವ ಸಂಖ್ಯೆಗಳು ಮುಖ್ಯವಾಗಿ ಮೂರು. 4064 ಸ್ವಿಚ್ ಮತ್ತು ಸ್ವಿಚ್-ಫ್ಯೂಸ್‌ಗಳದು. 10027 ಸ್ವಿಚ್ಚೂ ಕಟ್ಟುವ ಫ್ಯೂಸೂ ಒಂದೇ ಪೆಟ್ಟಿಗೆಯಲ್ಲಿರುವ ನಮ್ಮ ಐಸಿಡಿಪಿ, ಐಸಿಟಿಪಿಗಳದು, ಅಂದರೆ ಕಬ್ಬಿಣದ ಕವಚದ ಡಬಲ್ ಪೋಲ್, ಟ್ರಿಪಲ್ ಪೋಲ್ ಸ್ವಿಚ್ಚುಗಳದು. 2086 ಪಿಂಗಾಣಿಯ ಫ್ಯೂಸ್ ಕ್ಯಾರಿಯರ್ ಮತ್ತು ಬೇಸಿನದು, ಅಂದರೆ ಕಿಟ್‌ಕ್ಯಾಟಿನದು. 4064ರ ಜಾಗಕ್ಕೆ 1993ರಲ್ಲಿ 13947 ಬಂತು. ಎಂಸಿಬಿಗಳ ಮೇಲೆ ಕಾಣುತ್ತಿದ್ದ 8828ರ ಜಾಗದಲ್ಲಿ ಈಗ 60898 ಇದೆ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಸಂಖ್ಯೆಯ ಪಕ್ಕದಲ್ಲಿರುವ ಇಸವಿ ಮಾನಕದ್ದೇ ಹೊರತು ಸ್ವಿಚ್ಚು ತಯಾರಾದದ್ದಲ್ಲ. 4064-1978 ಎಂದಿರುವ ಪೆಟ್ಟಿಗೆ 1990ರಲ್ಲಿ ತಯಾರಾಗಿರಲೂಬಹುದು. ಇನ್ನೊಂದು ಇದಕ್ಕಿಂತ ಗಂಭೀರ. ಎಷ್ಟೋ ಪೆಟ್ಟಿಗೆಗಳಲ್ಲಿ ಐಎಸ್‌ಐ ಮುದ್ರೆ ಇರುವುದು ಒಳಗಿನ ಪಿಂಗಾಣಿಯ ಮೇಲೆ ಮಾತ್ರ. ಅದರ ಮೇಲೆ 2086 ಎಂದಿದ್ದರೆ ಆ ಪಿಂಗಾಣಿಗಷ್ಟೇ ಅದು ಸಾಕ್ಷಿ. ಸುತ್ತಲಿನ ಕಬ್ಬಿಣಕ್ಕೂ ಸ್ಪ್ರಿಂಗಿಗೂ ಬ್ಲೇಡಿಗೂ ಸಂಬಂಧವಿಲ್ಲ. ಮೇಲೆ ಮಾನಕದ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ, ಎರಡೂ ಇದ್ದರೆ ಮಾತ್ರ ಮುದ್ರೆ ಪೂರ್ತಿ. ಬರೀ ಐಎಸ್‌ಐ ಎಂಬ ಮೂರಕ್ಷರವನ್ನು ಯಾರು ಬೇಕಾದರೂ ಒತ್ತಬಹುದು. ಈಗ ಹೊಸ ಮಾಲು ಕೊಳ್ಳುವವರು ಆ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿ ಅಸಲಿಯೋ ನಕಲಿಯೋ ನೋಡಿಕೊಳ್ಳಬಹುದು.

ಇನ್ನು ಅಂಕಿಗಳ ಅರ್ಥ. ವೋಲ್ಟಿನದು ಬೇಗ ಮುಗಿಯುತ್ತದೆ. 250 ಎಂದಿದ್ದರೆ ಸಿಂಗಲ್ ಫೇಸಿಗೆ, 415, 500 ಅಥವಾ 650 ಎಂದಿದ್ದರೆ ತ್ರೀಫೇಸಿಗೂ ಆಗುತ್ತದೆ. 250ರ ಸ್ವಿಚ್ಚನ್ನು ಎರಡು ಫೇಸಿನ ನಡುವೆ ಹಾಕುವುದು ತಪ್ಪು. ಕಬ್ಬಿನ ಸೀಮೆಯ ಪಂಪ್‌ಹೌಸುಗಳಲ್ಲಿ ಎರಡು ಫೇಸಿನಲ್ಲೇ ಮೋಟಾರು ಓಡಿಸುವ ಸಾಹಸ ನಡೆಯುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಆಂಪಿಯರಿನ ಅಂಕಿ ಸ್ವಿಚ್ಚಿನ ಬ್ಲೇಡು ಬಿಸಿಯಾಗದೆ ಎಡೆಬಿಡದೆ ಎಷ್ಟು ಕರೆಂಟ್ ಹೊರಬಲ್ಲದು ಎಂಬುದನ್ನು ಹೇಳುತ್ತದೆ, ಅಷ್ಟೇ. 230 ವೋಲ್ಟಿನ ಲೆಕ್ಕದಲ್ಲಿ 15 ಆಂಪಿಯರ್ ಎಂದರೆ 3,450 ವ್ಯಾಟ್, 30 ಎಂದರೆ 6,900. ಎರಡು ಸಾವಿರ ವ್ಯಾಟಿನ ಗೀಸರ್ ಒಂದೇ 8.7 ಆಂಪಿಯರ್ ಎಳೆಯುತ್ತದೆ. ಜೊತೆಗೆ ಅಷ್ಟೇ ಶಕ್ತಿಯ ಇಂಡಕ್ಷನ್ ಒಲೆ ಹಚ್ಚಿದರೆ ಹದಿನೈದರ ಸ್ವಿಚ್ಚಿನ ಮಿತಿ ಮೀರಿತು. ಸರ್ಕಾರದ ಭಾಗ್ಯಜ್ಯೋತಿ ಯೋಜನೆಯಲ್ಲಿ ಒಂದೇ ಒಂದು ಬಲ್ಬಿಗೆಂದು ಕರೆಂಟ್ ಪಡೆದ ಮನೆಗಳಲ್ಲೂ ಇವತ್ತು ಮಿಕ್ಸಿ, ಫ್ರಿಜ್ಜು, ಟಿವಿ, ಇಸ್ತ್ರಿಪೆಟ್ಟಿಗೆ ಇವೆ. ಇರಬೇಕಾದ್ದೇ. ಮನೆಯ ಹೊರೆ ಬೆಳೆಯಿತು, ಗೋಡೆಯೊಳಗಿನ ತಂತಿ ಮಾತ್ರ ಅಂದಿನದೇ.

ಆ ಅಂಕಿ ಸ್ವಿಚ್ಚು ಹೊಸದಿದ್ದಾಗಿನದು ಎಂಬುದನ್ನೂ ಮರೆಯಬಾರದು. ಬ್ಲೇಡು ಕೂರುವ ಹಿತ್ತಾಳೆಯ ದವಡೆ ವರ್ಷಗಳು ಕಳೆದಂತೆ ಸಡಿಲವಾಗುತ್ತದೆ. ಆ ಸಡಿಲ ಜಾಗದ ರೋಧ ಒಂದು ಓಮಿನ ಇಪ್ಪತ್ತರಲ್ಲಿ ಒಂದು ಭಾಗವಾದರೂ ಸಾಕು, 15 ಆಂಪಿಯರ್ ಹರಿದಾಗ ಅಲ್ಲಿ 11 ವ್ಯಾಟ್ ಶಾಖ ಹುಟ್ಟುತ್ತದೆ. ಕರೆಂಟ್ ಎರಡರಷ್ಟಾದರೆ ಶಾಖ ನಾಲ್ಕರಷ್ಟು, 45 ವ್ಯಾಟ್. ಮುಚ್ಚಿದ ಪೆಟ್ಟಿಗೆಯೊಳಗೆ ಬೆರಳುಗಾತ್ರದ ಜಾಗದಲ್ಲಿ ಒಂದು ಬೆಸುಗೆ ಕಡ್ಡಿಯನ್ನು ಹಚ್ಚಿಟ್ಟ ಹಾಗೆ. ಹಿತ್ತಾಳೆ ಕೆಂಪು ತಿರುಗಿದ್ದರೆ, ತಾಮ್ರ ಕಪ್ಪಿಟ್ಟಿದ್ದರೆ, ಬೇಕಲೈಟ್ ಬಿರುಕುಬಿಟ್ಟು ಮೀನು ಸುಟ್ಟಂಥ ವಾಸನೆ ಬರುತ್ತಿದ್ದರೆ, ಮುಚ್ಚಳದ ಮೇಲೆ ನೂರು ಆಂಪಿಯರ್ ಎಂದಿದ್ದರೂ ಅದನ್ನು ನಂಬಬೇಡಿ. ಹಿಡಿಯನ್ನು ಎಳೆದಾಗ ಒಳಗೆ ಸ್ಪ್ರಿಂಗು ಚಟ್ಟನೆ ಬಿಡುವ ಸದ್ದು ಬರಬೇಕು. ಎಷ್ಟೇ ಮೆಲ್ಲಗೆ ಎಳೆದರೂ ಬ್ಲೇಡು ಒಮ್ಮೆಲೇ ಹಾರಬೇಕು. ನಮ್ಮ ಕೈಯ ವೇಗಕ್ಕೆ ತಕ್ಕಂತೆ ಬ್ಲೇಡು ನಿಧಾನಕ್ಕೆ ಸರಿಯುತ್ತಿದ್ದರೆ ಕಿಡಿ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಅಂಥ ಸ್ವಿಚ್ಚಿನ ಕಾಲ ಮುಗಿಯಿತು.

ಮೇನ್ ಸ್ವಿಚ್ಚಿನ ಚರ್ಚೆಯಲ್ಲಿ ಯಾರೂ ಎತ್ತದ ಅಂಕಿಯೊಂದಿದೆ. ಶಾರ್ಟ್ ಸರ್ಕ್ಯೂಟ್ ಆದ ಗಳಿಗೆಯಲ್ಲಿ ಎಷ್ಟು ಕರೆಂಟನ್ನು ಸಿಡಿಯದೆ ಕತ್ತರಿಸಬಲ್ಲದು ಎಂಬುದು. ನಮ್ಮ ಊರುಗಳಲ್ಲಿ ಟಿ.ಸಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರುಗಳು 25, 63, 100 ಕೆವಿಎ ಅಳತೆಯವು. ನೂರು ಕೆವಿಎ ಟಿ.ಸಿ.ಯ ಪೂರ್ಣ ಹೊರೆ 400 ವೋಲ್ಟಿನಲ್ಲಿ 144 ಆಂಪಿಯರ್. ಅದರ ಇಂಪಿಡೆನ್ಸ್ ಸಾಮಾನ್ಯವಾಗಿ ನೂರಕ್ಕೆ ನಾಲ್ಕೂವರೆ. ಭಾಗಿಸಿ ನೋಡಿದರೆ ಅದರ ಬಾಯಲ್ಲೇ ಶಾರ್ಟ್ ಆದಾಗ ಹರಿಯುವುದು 3,200 ಆಂಪಿಯರ್. 63 ಕೆವಿಎಗೆ ಸುಮಾರು 2,000, 25ಕ್ಕೆ 800. ಕಟ್ಟುವ ಫ್ಯೂಸುಗಳು ಕತ್ತರಿಸಬಲ್ಲದ್ದು ಅವುಗಳ ದರ್ಜೆಗೆ ತಕ್ಕಂತೆ ಸಾವಿರದಿಂದ ನಾಲ್ಕು ಸಾವಿರ ಆಂಪಿಯರ್. ಮನೆಗಳಿಗೆ ಈಗ ಸಿಗುವ ಎಂಸಿಬಿಗಳ ಮೈಮೇಲೆ ಚೌಕದೊಳಗೆ 10000 ಅಥವಾ 6000 ಎಂದು ಬರೆದಿರುತ್ತದಲ್ಲ, ಅದು ಇದೇ ಅಂಕಿ.

ಟಿ.ಸಿ.ಯಿಂದ ದೂರವಿದ್ದಷ್ಟೂ ಇದು ಇಳಿಯುತ್ತದೆ. ಕಂಬದಿಂದ ಮನೆಗೆ 50 ಮೀಟರ್ ಉದ್ದದ 4 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಸರ್ವಿಸ್ ವೈರಿದ್ದರೆ ಆ ವೈರಿನ ರೋಧವೇ ಶಾರ್ಟಿನ ಕರೆಂಟನ್ನು ಸುಮಾರು 330 ಆಂಪಿಯರಿಗೆ ಇಳಿಸುತ್ತದೆ. ಆದ್ದರಿಂದ ತೋಟದಂಚಿನ ಒಂಟಿಮನೆಯಲ್ಲಿ ಕಿಟ್‌ಕ್ಯಾಟು ಹೇಗೋ ಬದುಕಿಕೊಳ್ಳುತ್ತದೆ. ಪೇಟೆಬೀದಿಯಲ್ಲಿ ಟಿ.ಸಿ.ಗೆ ಅಂಟಿಕೊಂಡ ಮನೆ ಅಥವಾ ಅಂಗಡಿಯಲ್ಲಿ ಅದೇ ಕಿಟ್‌ಕ್ಯಾಟು ಪಟಾಕಿಯಂತೆ ಸಿಡಿಯಬಹುದು. ನಿಮ್ಮ ಮನೆಯಿಂದ ಟಿ.ಸಿ. ಎಷ್ಟು ದೂರ ಎಂಬುದು ಸ್ವಿಚ್ಚಿನ ಆಯ್ಕೆಯಲ್ಲಿ ಲೆಕ್ಕಕ್ಕೆ ಬರಲೇಬೇಕು.

ಫ್ಯೂಸು ಈ ಇಡೀ ವ್ಯವಸ್ಥೆಯ ಹೃದಯ. ನಾವು ಅತಿ ಹೆಚ್ಚು ಕೆಡಿಸಿರುವುದೂ ಅದನ್ನೇ. ಕಲಾಯಿ ಮಾಡಿದ ತಾಮ್ರದ ತಂತಿಯ ಅಳತೆ ಹೀಗಿದೆ: 5 ಆಂಪಿಯರಿಗೆ 0.2 ಮಿ.ಮೀ., 10ಕ್ಕೆ 0.35, 15ಕ್ಕೆ 0.5, 30ಕ್ಕೆ 0.85. ಹದಿನೈದರ ತಂತಿ ಹದಿನೈದಕ್ಕೇ ಕರಗುವುದಿಲ್ಲ. ಹೆಚ್ಚುಕಡಿಮೆ ಅದರ ಎರಡರಷ್ಟು ಹರಿದಾಗ ಕರಗುತ್ತದೆ. ಹಾಗಾಗಿ ಕಟ್ಟುವ ಫ್ಯೂಸಿನ ಹಿಂದಿರುವ ವೈರಿಗೆ ಹೆಚ್ಚಿನ ಶಕ್ತಿ ಬೇಕು. ಬ್ರಿಟಿಷ್ ವೈರಿಂಗ್ ನಿಯಮಗಳಲ್ಲಿ ಇದಕ್ಕೆ 0.725ರಿಂದ ಭಾಗಿಸುವ ಲೆಕ್ಕವಿದೆ. ಅದರಂತೆ 15 ಆಂಪಿಯರ್ ಫ್ಯೂಸಿಗೆ ವೈರು ಕನಿಷ್ಠ 20.7 ಆಂಪಿಯರ್ ಹೊರಬೇಕು. ಒನ್ ಎಯ್ಟೀನ್ ಹೊರುವುದಿಲ್ಲ.

ಕರೆಂಟ್ ಹೋದ ರಾತ್ರಿ ಟಾರ್ಚಿನ ಬೆಳಕಲ್ಲಿ ಹಳೇ ವೈರು ಸುಲಿದು, "ಎರಡೆಳೆ ಸಾಲದು, ನಾಲ್ಕು ಹಾಕು, ಪದೇಪದೇ ಹೋಗ್ತದೆ" ಎನ್ನುವ ಮಾತನ್ನು ಕೇಳದವರು ನಮ್ಮ ಕಡೆ ಯಾರಿದ್ದಾರೆ? ಪದೇಪದೇ ಹೋಗುತ್ತಿದೆ ಎಂದರೆ ಆ ಫ್ಯೂಸು ಏನನ್ನೋ ಹೇಳುತ್ತಿದೆ. ನಾಲ್ಕೆಳೆ ಹೊಸೆದ ಮೇಲೆ ಅದರ ಬಾಯಿ ಮುಚ್ಚುತ್ತದೆ, ಮುಂದೆ ಕರಗುವ ಸರದಿ ಗೋಡೆಯೊಳಗಿನ ವೈರಿನದು.

ಎರಡೂ ತಂತಿಗೆ ಫ್ಯೂಸಿರುವ ಡಬಲ್ ಪೋಲ್ ಪೆಟ್ಟಿಗೆಗಳ ಬಗ್ಗೆ ಎಚ್ಚರ ಬೇಕು. ಕಿಕ್ಕೇರಿ ಕಡೆಯ ಆ ಮನೆಯಲ್ಲಿದ್ದದ್ದೂ ಅದೇ. ಫೇಸಿಗೊಂದು, ನ್ಯೂಟ್ರಲ್‌ಗೊಂದು. ನ್ಯೂಟ್ರಲ್ ಫ್ಯೂಸು ಮಾತ್ರ ಹೋದರೆ ಮನೆಯೆಲ್ಲ ಕತ್ತಲೆ, ಆದರೆ ಪ್ರತಿ ಹೋಲ್ಡರಿನಲ್ಲೂ ಫೇಸ್ ಇದ್ದೇ ಇರುತ್ತದೆ. ಕರೆಂಟ್ ಇಲ್ಲವೆಂದು ಕೈ ಹಾಕಿದವರಿಗೆ ಹೊಡೆಯುತ್ತದೆ. 1956ರ ಭಾರತೀಯ ವಿದ್ಯುತ್ ನಿಯಮಗಳೇ ಅರ್ಥ್ ಆದ ನ್ಯೂಟ್ರಲ್‌ನಲ್ಲಿ ಫ್ಯೂಸ್ ಇರಕೂಡದು, ಫೇಸಿನ ಜೊತೆ ಒಟ್ಟಿಗೇ ಬಿಡುವ ಸ್ವಿಚ್ಚಿಗೆ ಮಾತ್ರ ಅವಕಾಶ ಎಂದು ಹೇಳಿದ್ದವು. ಅಂಥ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಫ್ಯೂಸಿನ ಜಾಗಕ್ಕೆ ಗಟ್ಟಿ ತಾಮ್ರದ ಲಿಂಕ್ ಹಾಕಿಸಬೇಕು. ಅದಕ್ಕೂ ಮೊದಲು ಯಾವುದು ಫೇಸ್, ಯಾವುದು ನ್ಯೂಟ್ರಲ್ ಎಂದು ಪರೀಕ್ಷಿಸಿಯೇ ತಿಳಿಯಬೇಕು. ತಂತಿಯ ಬಣ್ಣ ನೋಡಿ ನಂಬುವುದಕ್ಕಾಗುವುದಿಲ್ಲ, ಕಂಬದಲ್ಲಿ ಯಾವತ್ತೋ ಅದಲುಬದಲಾಗಿರಬಹುದು.

ಮೀಟರನ್ನೂ ಜೊತೆಗಿಟ್ಟು ಓದಿ. ಅದರ ಮೇಲೆ 5-20 ಎಂದೋ 5-30 ಎಂದೋ 10-60 ಎಂದೋ ಇರುತ್ತದೆ, ಎರಡನೆಯದು ಮೀಟರಿನ ಗರಿಷ್ಠ ಮಿತಿ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದೂ ನಮೂದಾಗಿರುತ್ತದೆ. ಸ್ವಿಚ್ಚು, ಫ್ಯೂಸು, ಒಳಗಿನ ವೈರು, ಸರ್ವಿಸ್ ವೈರು, ಮೀಟರು, ಇವುಗಳಲ್ಲಿ ಯಾವುದರ ಅಂಕಿ ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಮನೆಯ ಅಂಕಿ.

ಹಳೆಯದೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮೇಲುಕೋಟೆಯ ಹಳೇ ಮನೆಗಳಲ್ಲಿ, ಶ್ರೀರಂಗಪಟ್ಟಣದ ಕೋಟೆಯೊಳಗಿನ ಬೀದಿಗಳಲ್ಲಿ ನಾನು ನೋಡಿದ ಕೆಲವು ಎರಕದ ಸ್ವಿಚ್ಚುಗಳ ಬ್ಲೇಡಿನ ದಪ್ಪ ಇಂದಿನ ತಗಡಿನ ಪೆಟ್ಟಿಗೆಗಳಲ್ಲಿ ಸಿಗುವುದಿಲ್ಲ. ಸ್ವಿಚ್ಚು ಆನ್ ಇರುವಾಗ ಮುಚ್ಚಳ ತೆರೆಯಲಾಗದಂತೆ ಮಾಡಿದ ಕೊಂಡಿ ಇನ್ನೂ ಕೆಲಸ ಮಾಡುತ್ತಿತ್ತು. ಲೋಹದ ಕೆಲಸಕ್ಕೆ ಹೆಸರಾದ ನಾಗಮಂಗಲದವರಿಗೆ ಆ ಹಿತ್ತಾಳೆಯ ಬೆಲೆ ಬೇರೆ ಹೇಳಬೇಕಾಗಿಲ್ಲ. ಒಳಗಡೆ ಆರೋಗ್ಯವಾಗಿದ್ದರೆ, ಕಬ್ಬಿಣದ ಮೈಗೆ ಎರಡು ಪ್ರತ್ಯೇಕ ಅರ್ಥ್ ತಂತಿ ಕೂರಿಸಿದ್ದರೆ, ಅದನ್ನು ಕರೆಂಟ್ ಕಡಿಯುವ ಸ್ವಿಚ್ಚಾಗಿ ಉಳಿಸಿಕೊಂಡು, ಮುಂದಕ್ಕೆ ಎಂಸಿಬಿ ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಬಹುದು. ಶಾಕ್ ಹೊಡೆದಾಗ ಜೀವ ಉಳಿಸುವುದು ಆ ಆರ್‌ಸಿಸಿಬಿ. ಯಾವ ಕಾಲದ ಫ್ಯೂಸೂ ಆ ಕೆಲಸ ಮಾಡುವುದಿಲ್ಲ.

ಅಕ್ಷರವೇ ಇಲ್ಲದ, ಉಜ್ಜಿದರೂ ಅಂಕಿ ಏಳದ ಪೆಟ್ಟಿಗೆಯ ಬಗ್ಗೆ ನನ್ನ ತೀರ್ಮಾನ ಒಂದೇ: ಅದಕ್ಕೆ ಯಾವ ಸಾಮರ್ಥ್ಯವೂ ಇಲ್ಲವೆಂದು ತಿಳಿದು ತೆಗೆಸಿ. ಗಾತ್ರ ನೋಡಿ, ಬ್ಲೇಡಿನ ದಪ್ಪ ನೋಡಿ ಅಂದಾಜು ಕಟ್ಟಬೇಡಿ. ಮರದ ಅಥವಾ ಕಲ್ಲಿನ ಹಲಗೆಯ ಮೇಲೆ ತೆರೆದ ಚಾಕುಬ್ಲೇಡಿನ ಸ್ವಿಚ್ಚಿದ್ದರಂತೂ ಎರಡು ಮಾತಿಲ್ಲ. ಹಳೇ ಪಿಂಗಾಣಿ ಫ್ಯೂಸುಗಳಲ್ಲಿ ಬಿಳಿ ನಾರಿನ ಮೆತ್ತೆಯೋ ಕೊಳವೆಯೋ ಕಂಡರೆ ಅದು ಕಲ್ನಾರು ಇರಬಹುದು. ಕೆರೆಯುವುದು, ಊದುವುದು ಬೇಡ, ಒದ್ದೆ ಮಾಡಿ ಚೀಲದಲ್ಲಿ ಕಟ್ಟಿ ತೆಗೆಸಿ.

ಆ ತೊಟ್ಟಿಮನೆಯಲ್ಲಿ ಕೊನೆಗೆ ಗೀಸರಿಗೆಂದೇ 4 ಚದರ ಮಿಲಿಮೀಟರ್ ತಾಮ್ರದ ವೈರನ್ನು ಬೇರೆಯಾಗಿ ಎಳೆದರು. ಹೊಸ ಅರ್ಥ್ ಗುಂಡಿ ತೆಗೆದರು. ಬಿಲ್ಲಿನಲ್ಲಿದ್ದ ಮಂಜೂರಾದ ಲೋಡ್ ಏರಿಸಲು ಅರ್ಜಿ ಹಾಕಿದರು. ಕಪ್ಪು ಪೆಟ್ಟಿಗೆಯ ದವಡೆಗಳು ಕೆಂಪು ತಿರುಗಿದ್ದವು, ಇಳಿಸಿಬಿಟ್ಟರು. ಯಜಮಾನರು ಅದನ್ನು ಗುಜರಿಗೆ ಹಾಕದೆ ಅಟ್ಟದ ಮೇಲೆ ಇಟ್ಟಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥದೊಂದಿದ್ದರೆ ಒಂದು ಮಾತು ಮನಸ್ಸಿನಲ್ಲಿರಲಿ. ಹಿಡಿ ಕೆಳಗಿಳಿಸಿದರೂ ಕಂಬದಿಂದ ಬರುವ ತಂತಿ ಸೇರುವ ಸ್ಕ್ರೂಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮುಚ್ಚಳಕ್ಕೆ ನೀವೇ ಕೈ ಹಾಕಬೇಡಿ. ಲೈಸೆನ್ಸ್ ಇರುವ ವೈರ್‌ಮನ್ ಕರೆಯಿರಿ, ಲೈನ್‌ಮನ್‌ಗೆ ಹೇಳಿ ಕಂಬದಲ್ಲೇ ಕರೆಂಟ್ ತೆಗೆಸಿ. ಆಮೇಲೆ ಒಂದು ತುಂಡು ಸೀಮೆಸುಣ್ಣ ಕೊಟ್ಟು, ಎದ್ದ ಅಕ್ಷರಗಳನ್ನೆಲ್ಲ ಬರೆದುಕೊಳ್ಳಿ.